ತೂತಿನ ಬಾಯಿಂದಲೇ ಕೇಳಿ

ಉಡುಪಿ ಕರಾವಳಿಯ ಒಂದು ದೋಣಿ ಶೆಡ್ಡು. ಜುಲೈ ತಿಂಗಳು. ಮರದ ಸ್ಟ್ಯಾಂಡಿಗೆ ಸಿಕ್ಕಿಸಿದ ಹಳೆಯ ಔಟ್‌ಬೋರ್ಡ್ ಇಂಜಿನ್. ಅದರ ಗೇರ್ ಪೆಟ್ಟಿಗೆಯ ಕೆಳಭಾಗದಲ್ಲಿ ಆಯಿಲ್ ಇಳಿಸುವ ತೂತು. ಥ್ರೆಡ್ ಹೋಗಿ, ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತದೆ. ಮಾಲೀಕರು, ಮೆಕ್ಯಾನಿಕ್, ಶೆಡ್ಡಿಗೆ ಬಂದುಹೋದವರು ಎಲ್ಲರೂ ಹೇಳಿಕೆ ಕೊಟ್ಟಾಗಿದೆ. ತೂತನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪ್ರಶ್ನೆ: ನಮಸ್ಕಾರ. ನಿಮ್ಮಿಂದಾಗಿ ದೋಣಿ ದಡ ಹಿಡಿದಿದೆ ಎಂಬ ಆರೋಪವಿದೆ.

ತೂತು: ಅದೂ ಎಂಥ ಹೊತ್ತಿನಲ್ಲಿ ನೋಡಿ! ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ಬಿನಾಯಿತಿ. ನಮ್ಮ ದುಡಿಮೆಯ ಕಾಲವೇ ಇದು. ಆಗಲೇ ನನ್ನ ಥ್ರೆಡ್ ಹೋಯಿತು. ಹೋದದ್ದಲ್ಲ, ತೆಗೆದದ್ದು.

ಪ್ರಶ್ನೆ: ಯಾರು? ಸ್ಕ್ರೂವೇ?

ತೂತು: ಅವನನ್ನು ದೂರುವುದಿಲ್ಲ. ಅವನು ಸ್ಟೀಲು, ನಾನು ಅಲ್ಯೂಮಿನಿಯಂ. ಜಗಳವಾದರೆ ಮೆತ್ತಗಿದ್ದವರದ್ದೇ ಹಲ್ಲು ಉದುರುವುದು. ನಡುವೆ ಉಪ್ಪುನೀರು ಹೊಕ್ಕರೂ ತುಕ್ಕು ತಿನ್ನುವುದು ನನ್ನನ್ನೇ. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ಹನಿ ಆಯಿಲ್ ಒಸರಿತು. “ಬಿಗಿ ಮಾಡು” ಎಂದರು. ಮರುದಿನ ಮತ್ತೆ ಒಸರಿತು. “ಇನ್ನೂ ಬಿಗಿ ಮಾಡು.” ನಿಮ್ಮ ಸರ್ಕಾರದಲ್ಲೂ ಹೀಗೇ ಅಂತೆ, ಹೌದಾ? ಎಲ್ಲಿ ಸೋರಿದರೂ ಬಿಗಿ ಕ್ರಮ.

ಪ್ರಶ್ನೆ: ಬಿಗಿ ಮಾಡದೆ ಸೋರಿಕೆ ನಿಲ್ಲುವುದುಂಟೇ?

ತೂತು: ಆಯಿಲ್ ತಡೆಯುವುದು ಥ್ರೆಡ್ಡಿನ ಕೆಲಸ ಅಲ್ಲ ಮಾರಾಯ್ರೆ, ವಾಷರಿನದ್ದು. ಥ್ರೆಡ್ಡು ಸ್ಕ್ರೂವನ್ನು ಹಿಡಿದುಕೊಳ್ಳುತ್ತದೆ, ಸ್ಕ್ರೂವಿನ ತಲೆ ವಾಷರನ್ನು ಅದುಮುತ್ತದೆ, ವಾಷರ್ ನನ್ನ ಬಾಯಿ ಮುಚ್ಚುತ್ತದೆ. ಆಯಿಲ್ ಬದಲಿಸಿದಾಗಲೆಲ್ಲ ಹೊಸತು ಹಾಕಬೇಕು. ನನ್ನ ವಾಷರಿಗೆ ನನ್ನಷ್ಟೇ ಪ್ರಾಯ. ಇಂಜಿನ್ನಿಗೆ ಸೊಸೈಟಿಯಲ್ಲಿ ಸಾಲ ತೆಗೆಯುವವರು ವಾಷರಿನ ಮಾತೆತ್ತಿದರೆ ಜೇಬು ತಡಕಾಡುತ್ತಾರೆ.

ಪ್ರಶ್ನೆ: ಮೇಲೆ ಇನ್ನೊಂದು ತೂತು ಇದೆಯಲ್ಲ?

ತೂತು: ನಮ್ಮ ಅಕ್ಕ. ಆಯಿಲನ್ನು ನನ್ನ ಮೂಲಕ ಒತ್ತಬೇಕು. ಅವಳ ಬಾಯಿಂದ ಹೊರಬಂದಾಗ ಮೊದಲು ಅವಳನ್ನು ಮುಚ್ಚಬೇಕು, ಆಮೇಲೆ ನನ್ನನ್ನು. ಮೇಲಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಬೀಳುತ್ತದೆ, ಪೆಟ್ಟಿಗೆ ತುಂಬುವುದಿಲ್ಲ. ಕೆಳಗಿನಿಂದ ಮೇಲಕ್ಕೆ ತಲುಪಿಸುವ ಪದ್ಧತಿ ನಿಮ್ಮ ಕಚೇರಿಗಳಲ್ಲೂ ಉಂಟಲ್ಲ, ಅರ್ಥವಾಗಬೇಕು.

ಪ್ರಶ್ನೆ: ಬೇರೆ ಮನೆತನಗಳಲ್ಲಿ ಇಂಥ ಗತಿ ಇಲ್ಲವೇ?

ತೂತು: ಎಲ್ಲರ ಮನೆ ದೋಸೆಯೂ ತೂತೇ. ಅಮೆರಿಕದ ಎವಿನ್‌ರೂಡ್ ಮನೆತನ ನೋಡಿ. ನಾರ್ವೆಯಿಂದ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಔಟ್‌ಬೋರ್ಡ್ ಮಾರಾಟಕ್ಕಿಳಿದ. ಆ ಮನೆತನದ ಕೆಲವು ಹಳೆ ಇಂಜಿನ್ನುಗಳಲ್ಲಿ ನನ್ನ ಹತ್ತಿರವೇ ಮತ್ತೊಂದು ಸ್ಕ್ರೂ ಉಂಟು, ಗೇರ್ ಬದಲಿಸುವ ಕೊಂಡಿಯನ್ನು ಹಿಡಿದಿರುವುದು. ಆಯಿಲ್ ಸ್ಕ್ರೂ ಅಂತ ಅದನ್ನು ಬಿಚ್ಚಿದರೆ ಒಳಗೆ ಕೊಂಡಿ ಕಳಚುತ್ತದೆ, ಪೆಟ್ಟಿಗೆಯನ್ನೇ ಬಿಚ್ಚಬೇಕು. ಆ ಹೆಸರಿನ ಇಂಜಿನ್ ತಯಾರಿ 2020ರಲ್ಲಿ ನಿಂತಿತು. ತಪ್ಪು ಸ್ಕ್ರೂ ಬಿಚ್ಚುವವರ ತಯಾರಿ ನಿಂತಿಲ್ಲ.

ಪ್ರಶ್ನೆ: ನಿಮಗೆ ಒಮ್ಮೆ ಚಿಕಿತ್ಸೆ ಆಗಿತ್ತಂತೆ.

ತೂತು: ಎಂ-ಸೀಲ್! ಕಲಸಿ ಬಾಯಿಗೆ ತುಂಬಿ, ಮೇಲೆ ಸ್ಕ್ರೂ ಒತ್ತಿ, “ಶಾಶ್ವತ ಪರಿಹಾರ” ಎಂದರು. ಮುಂದಿನ ಸಲ ಆಯಿಲ್ ಇಳಿಸುವುದು ಹೇಗೆ ಅಂತ ಒಬ್ಬ ಹುಡುಗ ಕೇಳಿದ. “ಇಳಿಸುವುದೇ ಬೇಡ, ಸೋರಿದಷ್ಟು ಹಾಕಿದರೆ ಆಯ್ತು” ಅಂತ ಉತ್ತರ. ಸೋರಿದ್ದು ಹೊರಗೆ ಮಾತ್ರ ಅಲ್ಲ. ನೀರು ಒಳಗೂ ಬಂತು, ಆಯಿಲ್ ಹಾಲು ಬಣ್ಣಕ್ಕೆ ತಿರುಗಿತು. ಬೇರಿಂಗ್ ಕಿರುಗುಟ್ಟಿದ ಮೇಲೆ ಎಲ್ಲರೂ ಸೀಮೆಎಣ್ಣೆಯ ಕಲಬೆರಕೆಯನ್ನು ಬೈದರು.

ಪ್ರಶ್ನೆ: ಈಗ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಹಾಕುತ್ತಾರಂತೆ. ನೋವಾಗುತ್ತದೆಯೇ?

ತೂತು: ನೋವಿಗಿಂತ ಹೆದರಿಕೆ ಹೆಚ್ಚು. ಮೊದಲು ನನ್ನನ್ನು ಇನ್ನೂ ದೊಡ್ಡದು ಮಾಡುತ್ತಾರೆ. ತೂತಿಗೆ ಮದ್ದು ದೊಡ್ಡ ತೂತು! ಡ್ರಿಲ್ ಬಿಟ್ ನೆಟ್ಟಗೆ ನಿಲ್ಲಬೇಕು, ಓರೆಯಾದರೆ ಸ್ಕ್ರೂವಿನ ತಲೆ ಒಂದೇ ಬದಿಗೆ ಕೂರುತ್ತದೆ. ಬಿಟ್‌ಗೂ ಥ್ರೆಡ್ ಕೊರೆಯುವ ಟ್ಯಾಪಿಗೂ ಗ್ರೀಸ್ ಮೆತ್ತಿಕೊಂಡರೆ ಅಲ್ಯೂಮಿನಿಯಂ ಪುಡಿ ಅದಕ್ಕೇ ಅಂಟುತ್ತದೆ, ಗೇರಿನ ಹಲ್ಲಿಗೆ ಹೋಗುವುದಿಲ್ಲ. ಆ ಕಾಯಿಲ್ ಅಳತೆಗೆಂದೇ ಬರುವ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯನ್ನು ಸೀಲೆಂಟ್ ಹಚ್ಚಿ ತಿರುಗಿಸುತ್ತಾ ಇಳಿಸುತ್ತಾರೆ. ಅದು ನನ್ನ ಮುಖಕ್ಕಿಂತ ಸ್ವಲ್ಪ ಒಳಗೇ ನಿಲ್ಲಬೇಕು. ಹೊರಗೆ ಇಣುಕಿದರೆ ವಾಷರ್ ಕೂರುವುದಿಲ್ಲ. ತುದಿಯ ಕೊಕ್ಕೆಯನ್ನು ಮುರಿದು ಹೊರಗೇ ತೆಗೆಯಬೇಕು. ಒಳಗೆ ಬಿದ್ದರೆ ಗೇರಿಗೆ ಊಟ, ಮೆಕ್ಯಾನಿಕ್‌ಗೆ ಹಬ್ಬ. ಆಮೇಲೆ ಅಕ್ಕನ ಬಾಯಿಂದ ಸೀಮೆಎಣ್ಣೆ ಹೊಯ್ದು ನನ್ನಿಂದ ಇಳಿಸಿ ತೊಳೆಯಬೇಕು. ಇಷ್ಟೆಲ್ಲ ಆದರೆ ನಾನು ಮೊದಲಿಗಿಂತ ಗಟ್ಟಿ, ನನಗೂ ಸ್ಟೀಲಿನ ಹಲ್ಲು.

ಪ್ರಶ್ನೆ: ಲೇತಿನಲ್ಲಿ ದಪ್ಪ ಸ್ಕ್ರೂ ಮಾಡಿಸಿದರೆ ಸಾಲದೇ?

ತೂತು: ಸಾಕು, ನನ್ನ ಸುತ್ತ ಲೋಹ ಉಳಿದಿರುವವರೆಗೆ. ಆದರೆ ಆ ಸ್ಕ್ರೂ ಕಳೆದ ದಿನ ಯಾವ ಅಂಗಡಿಯಲ್ಲೂ ಜೋಡಿ ಸಿಗುವುದಿಲ್ಲ. ಉದ್ದ ಹೆಚ್ಚಾದರೆ ಒಳಗೆ ಗೇರಿಗೂ ತಾಗೀತು.

ಪ್ರಶ್ನೆ: ಮಾಲೀಕರಲ್ಲಿ ಏನಾದರೂ ಬೇಡಿಕೆ?

ತೂತು: ಒಂದೇ ಒಂದು ಹೊಸ ವಾಷರ್.

(ಅಷ್ಟರಲ್ಲಿ ಮೆಕ್ಯಾನಿಕ್ ಬಂದ, ಕೈಯಲ್ಲಿ ಹೆಲಿಕಾಯಿಲ್ ಪೊಟ್ಟಣ. ಹಿಂದಿನಿಂದ ಮಾಲೀಕರ ಧ್ವನಿ: “ವಾಷರ್ ಎಂತಕ್ಕೆ ಮಾರಾಯ? ಹಳೆಯದನ್ನೇ ಮಗುಚಿ ಹಾಕು. ಸ್ವಲ್ಪ ಬಿಗಿ ಮಾಡಿದರೆ ಆಯ್ತು.”)