ಕಿವಿ ಡಾಕ್ಟ್ರು

ಹಲಗೂರಿನಲ್ಲಿ ಧನುರ್ಮಾಸದ ಬೆಳಗ್ಗೆ ನಾನು ಕಾರಿಗೆ ಸೆಲ್ಫ್ ಹೊಡೆದರೆ ಹಿಂದೆಯೇ ಒಂದು ಕೆಮ್ಮು ಕೇಳಿಸುತ್ತದೆ. ಕೆಮ್ಮು ಕಾರಿನದಲ್ಲ, ನಮ್ಮ ಬೀದಿಯ ಕಿವಿ ಡಾಕ್ಟ್ರದು. ಕಿವಿಗೆ ಔಷಧಿ ಹಾಕುವ ಡಾಕ್ಟ್ರಲ್ಲ, ಕಿವಿಯಿಂದಲೇ ರೋಗ ಹೇಳುವವರು. ಮಂಕಿಟೋಪಿ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಟೀ ಲೋಟ. ಗೇಟಿನ ಹತ್ತಿರ ಕೆಮ್ಮಿದರೆಂದರೆ ಕೇಸು ಕೈಗೆತ್ತಿಕೊಂಡರು ಎಂದರ್ಥ.

"ಆಫ್ ಮಾಡಿ ಮೇಷ್ಟ್ರೇ. ವಸಿ ತಡೀರಿ... ಈಗ ಹೊಡೀರಿ. ರೇಸ್ ಕೊಡ್ಬೇಡಿ, ರೇಸ್ ಕೊಡ್ಬೇಡಿ!"

ಟೋಪಿಯ ಒಂದು ಮಗ್ಗುಲು ಮೇಲೆತ್ತಿ, ಬಲಗಿವಿಯನ್ನು ಬಾನೆಟ್ ಕಡೆ ತಿರುಗಿಸಿ ಕಣ್ಣು ಮುಚ್ಚುತ್ತಾರೆ. ತೀರಾ ಸಂಶಯವಿದ್ದರೆ ಮಾತ್ರ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.

ಈ ವಿದ್ಯೆ ಕಾಲೇಜಿನದಲ್ಲ. ಹುಡುಗನಾಗಿದ್ದಾಗ ಕಬ್ಬಿನ ಲಾರಿಯ ಕ್ಲೀನರು. ಕೆ.ಎಂ.ದೊಡ್ಡಿಯ ಸಕ್ಕರೆ ಕಾರ್ಖಾನೆ ಮುಂದಿನ ಸಾಲಿನಲ್ಲಿ ರಾತ್ರಿಯೆಲ್ಲ ಮಲಗಿ, ಬೆಳಗಿನ ಚಳಿಗೆ ಒಂದೊಂದೇ ಲಾರಿ ಗೊರಗುಟ್ಟುತ್ತ ಏಳುವುದನ್ನು ಕೇಳಿಸಿಕೊಂಡು ಕಲಿತದ್ದು. ಆಮೇಲೆ ಅಂಬಾಸಿಡರ್ ಓಡಿಸುತ್ತ ಮುತ್ತತ್ತಿಗೆ ಹರಕೆಯವರ ಬಾಡಿಗೆ ಹೊಡೆದರು. ಅಂಬಾಸಿಡರ್, ಮಾರುತಿ 800 ಎರಡೂ ತಯಾರಾಗುವುದು ನಿಂತದ್ದು ಒಂದೇ ವರ್ಷ, 2014ರಲ್ಲಿ. ಆ ವರ್ಷದ ಮಾತು ಬಂದರೆ ಅವರು ಲೋಟ ಕೆಳಗಿಡುತ್ತಾರೆ. "ಮಾತಾಡೋ ಗಾಡಿಗಳೆಲ್ಲ ಹೋದ್ವು ಬುಡಿ."

ಕಿಟಕಿಟ ಅಂದರೆ ಟ್ಯಾಪೆಟ್. "ರಾತ್ರಿಯೆಲ್ಲ ಆಯಿಲ್ ಇಳ್ದು ಕೆಳಗೆ ಮಲಗಿರ್ತದೆ. ಅದು ಎದ್ದು ಮೇಲ್ಗಂಟ ಬರಬ್ಯಾಡ್ವಾ? ನಿಮ್ಗೆ ಎದ್ದೇಟ್ಗೆ ಮಂಡಿ ಕಟಕಟ ಅನ್ನಲ್ವಾ?" ಚಿಟ್ ಚಿಟ್ ಎಂದು ಸಿಡಿದು ಐದು ನಿಮಿಷಕ್ಕೆ ಅಡಗಿದರೆ ಸೈಲೆನ್ಸರ್ ಕಡೆಯ ಪ್ಯಾಕಿಂಗ್ ಹೋಗಿದೆ, ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಒಳಗಿನಿಂದ ದಬದಬ ಬಡಿದು, ಕಾದ ಮೇಲೆ ಸುಮ್ಮನಾದರೆ ಪಿಸ್ಟನ್ ಸವೆದಿದೆ. ಇದನ್ನು ಮಾತ್ರ ಮನೆಯವರ ಮುಂದೆ ಹೇಳುವುದಿಲ್ಲ. ಕಾಂಪೌಂಡಿನಾಚೆ ಕರೆದು, ದನಿ ತಗ್ಗಿಸಿ, "ಇಂಜಿನ್ ಬೋರಿಗೆ ಬಂದೈತೆ, ಧೈರ್ಯ ತಂದ್ಕಳಿ" ಎನ್ನುತ್ತಾರೆ.

ತಪ್ಪುವುದೂ ಉಂಟು. ಪಕ್ಕದ ಮನೆಯ ಕಾರಿಗೆ ಮೂರು ದಿನ ಟ್ಯಾಪೆಟ್ ಎಂದದ್ದು ಕೊನೆಗೆ ಫ್ಯಾನಿನ ಸಂದಿಯಲ್ಲಿ ಇಲಿ ಕೂಡಿಟ್ಟ ಹುಣಸೆಬೀಜವಾಗಿತ್ತು. "ಇಲಿಗೂ ಚಳಿ ಅಲ್ವರಾ?" ಎಂದು ಕೇಸು ಮುಚ್ಚಿದರು.

ಆದರೂ ಅವರಿಲ್ಲದೆ ನಮಗೆ ಗತಿಯಿಲ್ಲ. ಕಾರಣ, ಬೆಳಗಿನ ಸದ್ದಿಗೆ ಸಾಕ್ಷಿ ಸಿಗುವುದಿಲ್ಲ. ನನ್ನ ಕಾರು ಒಂದು ವಾರ ಎದ್ದೇಟ್ಗೆ ಕಿಯ್ಯೋ ಎಂದು ಬೀದಿಯನ್ನೆಲ್ಲ ಎಬ್ಬಿಸಿತು. ಡಾಕ್ಟ್ರು ಒಂದು ಚೊಂಬು ನೀರು ತರಿಸಿ ಬೆಲ್ಟಿನ ಮೇಲೆ ಸ್ವಲ್ಪವೇ ಚಿಮುಕಿಸಿದರು, ಕಿರುಚಾಟ ಜಾಸ್ತಿಯಾಯಿತು. "ಬೆಲ್ಟ್ ಲೂಸು. ನಿಂತೋಗಿದ್ರೆ ಪುಲ್ಲಿ ಓರೆ ಅಂತಿದ್ದೆ." ಮಳವಳ್ಳಿಯ ಗ್ಯಾರೇಜಿಗೆ ಹೋದೆ. ಅಷ್ಟರಲ್ಲಿ ಇಂಜಿನ್ ಕಾದು ಬೆಲ್ಟ್ ಒಣಗಿ, ಕಾರು ಮಠದ ಸ್ವಾಮಿಗಳ ಹಾಗೆ ಗಂಭೀರ. ನಾನೇ ಬಾಯಲ್ಲಿ ಕಿಯ್ಯೋ ಎಂದು ತೋರಿಸಿದೆ. ಮೆಕ್ಯಾನಿಕ್ ಹುಡುಗ ದೆವ್ವ ಕಂಡೆ ಎಂದವನನ್ನು ನೋಡುವಂತೆ ನೋಡಿದ.

"ರಾತ್ರಿ ಅಲ್ಲೇ ಬುಟ್ಬುಡಿ, ಇಬ್ನಿ ಕುಡೀಲಿ" ಎಂದು ಡಾಕ್ಟ್ರ ಆಜ್ಞೆಯಾಯಿತು. ಮಾರನೆಯ ದಿನ ಮೊದಲ ಬಸ್ಸಿಗೆ ಅವರೂ ಜೊತೆಗೆ ಬಂದರು. ಟಿಕೆಟ್ ನನ್ನದು. ಕೀ ತಿರುಗಿಸಿದೆ. ಕಿಯ್ಯೋ! ಶಾಲಾ ವಾರ್ಷಿಕೋತ್ಸವದಲ್ಲಿ ಮಗ ಹಾಡಿದಾಗ ಅಪ್ಪಂದಿರು ಸುತ್ತ ನೋಡುತ್ತಾರಲ್ಲ, ಹಾಗೆ ನೋಡಿದರು.

ಬೆಲ್ಟ್ ಬಿಗಿಮಾಡಲು ಹತ್ತು ನಿಮಿಷ ಸಾಕಾಯಿತು. ಅಂದಿನಿಂದ ನನ್ನ ಕಾರು ಸದ್ದಿಲ್ಲದೆ ಏಳುತ್ತದೆ. ಅವರು ಗೇಟಿನ ಬಳಿ ನಿಂತು, ಟೋಪಿ ಎತ್ತಿ, ಕಾದು, "ಏನೂ ಹೇಳ್ತಾನೇ ಇಲ್ವಲ್ಲ ಮೇಷ್ಟ್ರೇ" ಎಂದು ಬೇಜಾರಿನಿಂದ ಮುಂದಿನ ಮನೆಗೆ ಹೋಗುತ್ತಾರೆ.

ನಿಮ್ಮ ಗಾಡಿ ಬೆಳಗ್ಗೆ ಏನಾದರೂ ಅಂದರೆ ಇಲ್ಲೇ ಒಂದು ರಾತ್ರಿ ನಿಲ್ಲಿಸಿ. ಆರೂವರೆಯೊಳಗೆ ಸ್ಟಾರ್ಟ್ ಮಾಡಬೇಕು. ಆಮೇಲೆ ಡಾಕ್ಟ್ರು ಹಾಲು ಹಾಕಲು ಡೈರಿಗೆ ಹೋಗುತ್ತಾರೆ.