ಅಂಕದ ಹುಂಜ: ಪ್ರೇರಣೆಗಳು ಮತ್ತು ಗುರುಪರಂಪರೆ

ಒದೆಯುವುದು, ಕುಕ್ಕುವುದು, ಹಾರಿ ಎರಗುವುದು, ಎದುರಾಳಿಯನ್ನು ನೆಲಕ್ಕೊತ್ತಿ ಹಿಡಿಯುವುದು ಇವೆಲ್ಲವನ್ನೂ ಒಂದೇ ಕಾಳಗದಲ್ಲಿ ಬಳಸುವ ವಿದ್ಯೆಗೆ ಮಿಶ್ರ ಸಮರಕಲೆ ಎಂದು ಹೆಸರು. ಅದು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ, ಮೊದಲ ಯುಎಫ್‌ಸಿ ಪಂದ್ಯಾವಳಿಯೊಡನೆ ಹುಟ್ಟಿತೆಂಬುದು ಟಿ.ವಿ. ನೋಡುವವರ ನಂಬಿಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಾಡಿಗಳಲ್ಲಿ ಇದೇ ವಿದ್ಯೆಯನ್ನು ರೆಕ್ಕೆಯುಳ್ಳ ತರುಣರು ಅದಕ್ಕೂ ಬಹಳ ಮುಂಚಿನಿಂದ ಪ್ರದರ್ಶಿಸುತ್ತ ಬಂದಿದ್ದಾರೆ. ಶಾಸ್ತ್ರಗ್ರಂಥಗಳಲ್ಲಿ ಈ ತರುಣನ ಹೆಸರು ಕುಕ್ಕುಟ, ಪೊಲೀಸ್ ಪ್ರಕಟಣೆಗಳಲ್ಲಿ ಹುಂಜ, ಸಾಕಿದ ಮನೆಯಲ್ಲಿ ‘ನಮ್ ಕೋಳಿ’. ಕಾಳಗಕ್ಕೆ ಕೋಳಿ ಅಂಕ ಎನ್ನುತ್ತಾರೆ.

ಎರಡು ಪದ್ಧತಿಗಳ ನಡುವೆ ಸಾಮ್ಯ ಹೆಚ್ಚು, ಭೇದ ಕಡಿಮೆ. ಡೆನ್ವರ್‌ನಲ್ಲಿ ತೂಕದ ವರ್ಗಗಳಿರಲಿಲ್ಲ, ತೀರ್ಪುಗಾರರ ಅಂಕಪಟ್ಟಿಯೂ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಚುಚ್ಚಬಾರದು ಎಂಬ ನಿಷೇಧಗಳಿದ್ದವು. ಹಾಡಿಯ ಕಣದಲ್ಲಿ ಇವುಗಳ ಪೈಕಿ ಮೊದಲನೆಯದು ಕಟ್ಟುನಿಟ್ಟಾಗಿ ಪಾಲನೆಯಾಗುತ್ತದೆ, ಏಕೆಂದರೆ ಸ್ಪರ್ಧಿಗೆ ಹಲ್ಲಿಲ್ಲ. ಎರಡನೆಯದು ಆಗುವುದಿಲ್ಲ. ತೂಕದ ವಿಚಾರದಲ್ಲಿ ಕರಾವಳಿಯದ್ದೇ ಮೇಲುಗೈ. ಯುಎಫ್‌ಸಿಗೆ ಮುಂದೆ ತಕ್ಕಡಿಯೂ ವರ್ಗಗಳೂ ಬೇಕಾದವು. ಇಲ್ಲಿ ಎದುರು ಪಕ್ಷದ ಕೋಳಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿದರೆ ಅನುಭವಸ್ಥರಿಗೆ ತೂಕವೂ ತಿಳಿಯುತ್ತದೆ, ಅದನ್ನು ಸಾಕಿದವನ ಆರ್ಥಿಕ ಸ್ಥಿತಿಯೂ ತಿಳಿಯುತ್ತದೆ. ಸಂಸ್ಕೃತಿಗಳು ಬೇರೆಯಾಗುವುದು ರಕ್ಷಣಾ ಸಾಮಗ್ರಿಯ ಪರಿಕಲ್ಪನೆಯಲ್ಲಿ. 1997ರಲ್ಲಿ ಯುಎಫ್‌ಸಿ ತನ್ನ ಸ್ಪರ್ಧಿಗಳಿಗೆ ಕೈಗವಸು ಕಡ್ಡಾಯ ಮಾಡಿತು. ಅಂಕದ ಕೋಳಿಗೆ ಕಾಲಿಗೆ ಬಾಳು, ಅಂದರೆ ಹರಿತವಾದ ಸಣ್ಣ ಕತ್ತಿ ಕಟ್ಟುತ್ತಾರೆ.

ಪ್ರೇರಣೆಯ ಪ್ರಶ್ನೆ ಇದಕ್ಕಿಂತ ಜಟಿಲ. ಮನುಷ್ಯ ಕ್ರೀಡಾಪಟುವನ್ನು ಕೇಳಿದರೆ ಅಮ್ಮ, ಬಡತನ, ದೇಶ ಎಂಬ ಉತ್ತರ ಬರುತ್ತದೆ. ಹುಂಜ ಸಂದರ್ಶನ ಕೊಡುವುದಿಲ್ಲ. ಆದರೂ ಅದರ ಪ್ರೇರಣೆ ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಜರ್ಮನಿಯ ಗೋಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ 1849ರಲ್ಲೇ ಆರು ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿ ಪತ್ತೆಹಚ್ಚಿದ್ದ. ವೃಷಣ ತೆಗೆದ ಹುಂಜಗಳು ಕೂಗಲಿಲ್ಲ, ಕಾದಾಡಲಿಲ್ಲ, ಅವುಗಳ ಜುಟ್ಟು ಬೆಳೆಯಲಿಲ್ಲ. ತೆಗೆದದ್ದನ್ನು ಹೊಟ್ಟೆಯೊಳಗೆ ಬೇರೆ ಕಡೆ ಕಸಿ ಮಾಡಿದಾಗ ಕೂಗು, ಜುಟ್ಟು, ಜಗಳ ಮೂರೂ ಮರಳಿದವು. ನರದ ಸಂಬಂಧ ಕಡಿದಿದ್ದರೂ ರಕ್ತದ ಮೂಲಕ ಏನೋ ಒಂದು ಹರಿದು ಕೆಲಸ ಮಾಡುತ್ತದೆ ಎಂಬ ಈ ಶೋಧದಿಂದಲೇ ಹಾರ್ಮೋನ್ ವಿಜ್ಞಾನಕ್ಕೆ ಅಡಿಪಾಯ ಬಿತ್ತು. ಛಲ, ಕೆಚ್ಚು, ಊರಿನ ಮರ್ಯಾದೆ ಮುಂತಾದವುಗಳ ಪಾತ್ರವನ್ನು ಬರ್ತೋಲ್ಡ್ ಪರಿಶೀಲಿಸಲಿಲ್ಲ. ಅವನ ಹುಂಜಗಳ ಮೇಲೆ ಯಾರೂ ಹಣ ಕಟ್ಟಿರಲಿಲ್ಲ.

ಆದರೆ ಹಾರ್ಮೋನು ಅರ್ಧ ಉತ್ತರ ಮಾತ್ರ. ನಾರ್ವೆಯ ಶೆಲ್ಡೆರುಪ್-ಎಬ್ಬೆ ಬಾಲ್ಯದಿಂದಲೇ ಕೋಳಿಗಳು ಯಾರು ಯಾರನ್ನು ಕುಕ್ಕುತ್ತವೆ ಎಂದು ಬರೆದಿಡುತ್ತ ಬಂದು, 1920ರ ದಶಕದ ಆರಂಭದಲ್ಲಿ ಕುಕ್ಕುವ ಶ್ರೇಣಿಯ ಸಿದ್ಧಾಂತವನ್ನು ಪ್ರಕಟಿಸಿದ. ಒಂದೇ ಅಂಗಳದ ಕೋಳಿಗಳು ಪರಸ್ಪರ ಗುರುತು ಹಿಡಿಯುತ್ತವೆ. ಮೇಲು ಕೀಳು ಒಮ್ಮೆ ಇತ್ಯರ್ಥವಾದರೆ ದೊಡ್ಡ ಜಗಳ ಮುಗಿಯಿತು, ಕೆಳಗಿನದು ದಾರಿ ಬಿಟ್ಟು ಸರಿಯುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಇದು ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಕೋಳಿಗೂಡಿನಲ್ಲಿ ಅಷ್ಟೂ ಇಲ್ಲ. ಇದರಿಂದ ಮುಖ್ಯವಾದ ಒಂದು ಸಂಗತಿ ಹೊರಡುತ್ತದೆ. ಹುಂಜವನ್ನು ಅದರ ಪಾಡಿಗೆ ಬಿಟ್ಟರೆ ಅದು ಸಾಯುವವರೆಗೆ ಕಾದುವುದಿಲ್ಲ, ಓಡಲು ಜಾಗವಿದ್ದರೆ ಸೋತದ್ದು ಓಡುತ್ತದೆ. ಹಾಗಾಗದಂತೆ ಅದನ್ನು ಬೇರೆಯಾಗಿ ಕಟ್ಟಿ ಸಾಕಬೇಕು, ಗುರುತಿಲ್ಲದ ಊರಿನ ಕೋಳಿಯನ್ನು ಎದುರಿಗೆ ತರಬೇಕು, ಇಬ್ಬರನ್ನೂ ಕೈಯಲ್ಲಿ ಹಿಡಿದು ಒಮ್ಮೆ ಮುಖಾಮುಖಿ ಕುಕ್ಕಿಸಬೇಕು, ಸುತ್ತಲೂ ಜನ ಗೋಡೆಯಾಗಿ ನಿಲ್ಲಬೇಕು. ಇಷ್ಟು ಕೆಲಸಕ್ಕೆ ಗುರುಗಳು ಬೇಕಾಗುತ್ತಾರೆ.

ಗುರುಪರಂಪರೆ ಪ್ರಾಚೀನವಾದದ್ದು. ವಾತ್ಸ್ಯಾಯನನ ಕಾಮಸೂತ್ರ ಸುಸಂಸ್ಕೃತರು ಕಲಿಯಬೇಕಾದ ಅರವತ್ತನಾಲ್ಕು ಕಲೆಗಳಲ್ಲಿ ಟಗರು, ಹುಂಜ, ಲಾವಕ್ಕಿಗಳ ಕಾಳಗವನ್ನು ಸೇರಿಸಿದೆ. ಉಳಿದ ಅರವತ್ತಮೂರನ್ನು ಕರಾವಳಿಯ ವಿದ್ಯಾರ್ಥಿಗಳು ಐಚ್ಛಿಕವೆಂದು ಬಿಟ್ಟಂತೆ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುಕ್ಕುಟ ವಿನೋದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ರಾಜ್ಯಭಾರದ ವಿಷಯಗಳೂ ಅದೇ ಗ್ರಂಥದಲ್ಲಿವೆ. ದಂಡಿಯ ದಶಕುಮಾರಚರಿತೆಯಲ್ಲಿ ಪ್ರಮತಿ ಎಂಬ ಕುಮಾರ ದಾರಿಯಲ್ಲಿ ಕೋಳಿ ಅಂಕವೊಂದನ್ನು ಕಂಡು, ನಾರಿಕೇಳ ಜಾತಿಯ ಹುಂಜಕ್ಕೂ ಬಲಾಕಾ ಜಾತಿಯ ಹುಂಜಕ್ಕೂ ಜೋಡಿ ಸರಿಯಿಲ್ಲವೆಂದು ನಗುತ್ತಾನೆ. ಪಕ್ಕದಲ್ಲಿದ್ದ ಮುದುಕನೊಬ್ಬ ಸುಮ್ಮನಿರುವಂತೆ ಸೂಚಿಸಿ ತಾಂಬೂಲ ಕೊಡುತ್ತಾನೆ. ಗೆಲ್ಲುವ ಕೋಳಿಯ ಗುಟ್ಟು ಗೊತ್ತಿದ್ದವನು ಬಾಯಿ ತುಂಬ ವೀಳ್ಯ ಹಾಕಿಕೊಂಡಿರಬೇಕು ಎಂಬ ಆ ಪಾಠವನ್ನು ಇಂದಿಗೂ ಯಾರೂ ತಿದ್ದಿಲ್ಲ.

ಜೀವಂತ ಗುರುಗಳಲ್ಲಿ ಮೊದಲಿಗ ಸಾಕಿದವನು. ಶಿಷ್ಯನ ಗೆರಟೆಗೆ ಏನು ಬಿತ್ತು ಎಂಬುದರ ಮೇಲೆ ಅವನಿಗಿರುವ ನಿಗಾ ಮಕ್ಕಳ ತಟ್ಟೆಯ ಮೇಲಿರುವುದಿಲ್ಲ ಎಂಬ ದೂರು ಅನೇಕ ಮನೆಗಳ ಅಡುಗೆಕೋಣೆಯಿಂದ ಕೇಳಿಬರುತ್ತದೆ. ಎರಡನೆಯವನು ಬಾಳು ಕಟ್ಟುವವನು, ಇಡೀ ಪರಂಪರೆಯಲ್ಲಿ ಕೈಕೆಲಸ ಬಲ್ಲ ಏಕೈಕ ವ್ಯಕ್ತಿ. ಕಟ್ಟು ಸಡಿಲವಾದರೂ ಬಿಗಿಯಾದರೂ ಶಿಷ್ಯನ ಕಥೆ ಮುಗಿಯಿತು. ಮೂರನೆಯವನು ಕುಕ್ಕುಟ ಪಂಚಾಂಗ ಬಲ್ಲವನು. ಯಾವ ವಾರ, ಯಾವ ನಕ್ಷತ್ರದಲ್ಲಿ, ಯಾವ ದಿಕ್ಕಿನಿಂದ, ಯಾವ ಬಣ್ಣದ ಕೋಳಿಯನ್ನು ಬಿಟ್ಟರೆ ಗೆಲುವು ಎಂಬುದನ್ನು ಈ ಪಂಚಾಂಗ ಹೇಳುತ್ತದೆ. ಬ್ರಹ್ಮಾವರದ ಆಸುಪಾಸಿನಲ್ಲಿ ಕುಂದಗನ್ನಡಕ್ಕೆ ತುಳು ತಾಗುವುದರಿಂದ ಬೊಳ್ಳೆ, ಕೆಮ್ಮೈರ, ಕುಪ್ಪುಳ, ಉರಿಯ ಮುಂತಾದ ತುಳು ಬಣ್ಣಗಳನ್ನೂ ತಿಳಿದಿರಬೇಕು. ಶಾಸ್ತ್ರದ ನಿಖರತೆಯ ಬಗ್ಗೆ ಸಂಶಯವಿಲ್ಲ. ತೊಡಕು ಇಷ್ಟೇ, ಎರಡೂ ಪಕ್ಷದವರು ಅದೇ ಪಂಚಾಂಗ ನೋಡಿ ಬಂದಿರುತ್ತಾರೆ, ಮತ್ತು ಕಣದಲ್ಲಿರುವ ಇಬ್ಬರು ಅದನ್ನು ಓದಿರುವುದಿಲ್ಲ. ಸೋತ ಮೇಲೆ ಪಂಚಾಂಗ ತಪ್ಪೆಂದವರಿಲ್ಲ. ಗಳಿಗೆ ಮೀರಿತ್ತು, ಅಥವಾ ‘ಕೋಳಿ ಜೋರಿತ್ತ್, ಕಟ್ಟದ್ದ್ ಸಮ ಆಯ್ಲಿಲ್ಲೆ’.

ಈ ಗುರುಗಳಲ್ಲಿ ಯಾರೂ ಕಣಕ್ಕೆ ಇಳಿಯುವುದಿಲ್ಲ. ಇದು ಕೋಳಿ ಅಂಕದ ವೈಶಿಷ್ಟ್ಯವೆಂದು ಭಾವಿಸಬಾರದು. ಡೆನ್ವರ್‌ನಲ್ಲಿ ಗೆದ್ದ ಬ್ರೆಜಿಲ್‌ನ ರಾಯ್ಸ್ ಗ್ರೇಸಿಯನ್ನು ಕಣಕ್ಕಿಳಿಸಿದ್ದು ಅವನ ಮನೆಯವರೇ. ಅಣ್ಣ ರೋರಿಯನ್ ಪಂದ್ಯಾವಳಿಯ ಸಂಘಟಕರಲ್ಲೊಬ್ಬ. ದೊಡ್ಡ ದೇಹದವರನ್ನು ಬಿಟ್ಟು ಸಪೂರದ ತಮ್ಮನನ್ನು ಆರಿಸಿದ್ದರ ಹಿಂದೆ ಮನೆತನದ ಜುಜುತ್ಸು ವಿದ್ಯೆಯ ಶ್ರೇಷ್ಠತೆಯನ್ನು ತೋರಿಸುವ ಲೆಕ್ಕಾಚಾರವಿತ್ತು. ಪೆಟ್ಟು ರಾಯ್ಸ್‌ಗೆ, ಪ್ರಚಾರ ಮನೆತನದ ವಿದ್ಯೆಗೆ.

ಇದಕ್ಕೆ ಅಪವಾದವೊಂದು ಕುಂದಾಪುರ ಸೀಮೆಯಲ್ಲೇ ಸಿಗುತ್ತದೆ, ಮತ್ತು ಅದು ಈ ಪ್ರಬಂಧದ ಸಿದ್ಧಾಂತಕ್ಕೆ ಕೊಂಚ ತೊಂದರೆ ಕೊಡುತ್ತದೆ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದನ್ನು ಕಂಡು ಕುಸ್ತಿಯ ಕನಸು ಕಟ್ಟಿದವರು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಾಗ ತರಬೇತುದಾರ ರಾಜೇಂದ್ರ ಪ್ರಸಾದ್ ಅವರನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ತಂದರು. ಇಲ್ಲಿ ಪ್ರೇರಣೆ ಶಿಷ್ಯನದ್ದೇ ಆಗಿತ್ತು, ಗುರು ಅದನ್ನು ತಿರುಗಿಸಿ ಕೊಟ್ಟದ್ದು ತಿರುಗಿ ಹೊಡೆಯದ ಕಬ್ಬಿಣದ ಕಡೆಗೆ, ಪದಕ ಉಳಿದದ್ದೂ ಶಿಷ್ಯನ ಕೊರಳಲ್ಲೇ. ಹುಂಜಕ್ಕೆ ಇಂಥ ಗುರು ಸಿಕ್ಕ ಉದಾಹರಣೆ ಇಲ್ಲ.

ಪ್ರೇಕ್ಷಕರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1958ರಲ್ಲಿ ಬಾಲಿ ದ್ವೀಪದ ಹಳ್ಳಿಯೊಂದರಲ್ಲಿ ಕೋಳಿ ಅಂಕ ನೋಡುತ್ತಿದ್ದಾಗ ಪೊಲೀಸ್ ದಾಳಿಯಾಯಿತು; ಹೆಂಡತಿಯೊಡನೆ ಅವನೂ ಊರವರ ಜೊತೆ ಓಡಿದ. ಅಲ್ಲಿಯವರೆಗೆ ಕಣ್ಣೆತ್ತಿಯೂ ನೋಡದಿದ್ದ ಹಳ್ಳಿಯವರು ಮರುದಿನದಿಂದ ಅವನನ್ನು ತಮ್ಮವನೆಂದು ಒಪ್ಪಿದರು. ಕಾದುವುದು ಮೇಲ್ನೋಟಕ್ಕೆ ಮಾತ್ರ ಕೋಳಿಗಳು, ನಿಜಕ್ಕೂ ಮನುಷ್ಯರು ಎಂದು ಅವನು 1972ರ ಪ್ರಬಂಧದಲ್ಲಿ ವಾದಿಸಿದ. ಕ್ಷೇತ್ರಕಾರ್ಯದ ಈ ಓಟದ ವಿಧಾನದಲ್ಲಿ ಮೂರೂ ತಾಲೂಕುಗಳ ಹವ್ಯಾಸಿಗಳು ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ ಪರಿಣತಿ ಪಡೆದಿದ್ದಾರೆ. ಬೈಕುಗಳನ್ನು ಬಿಟ್ಟು ಓಡಬಾರದು ಎಂಬ ನಿಯಮವನ್ನು ಮಾತ್ರ ಇನ್ನೂ ಕಲಿತಿಲ್ಲ.

ನಿವೃತ್ತಿಯ ನಂತರದ ಜೀವನ ಚಿಕ್ಕದು. ಸೋತ ಕೋಳಿ ಗೆದ್ದ ಕೋಳಿಯ ಒಡೆಯನಿಗೆ ಸೇರುತ್ತದೆ. ಕುಂದಾಪುರದ ಮಸಾಲೆ ಪುಡಿ, ತೆಂಗಿನಕಾಯಿ, ಉದ್ದಿನ ಕಡುಬುಗಳ ಸಹವಾಸದಲ್ಲಿ ಅದರ ವೃತ್ತಿಜೀವನದ ವಿಮರ್ಶೆ ನಡೆಯುತ್ತದೆ. ಕಾದಿದ ಕೋಳಿಯ ಮಾಂಸಕ್ಕೆ ರುಚಿ ಹೆಚ್ಚು ಎಂಬ ವಾದವಿದೆ. ವಾದಿಸುವವರು ಸಾಮಾನ್ಯವಾಗಿ ಗೆದ್ದವರು.

ಕೊನೆಯದಾಗಿ ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಸೆಕ್ಷನ್ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನು ಅಪರಾಧವೆನ್ನುತ್ತದೆ. ಅದರಡಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಆ ಮೊತ್ತಕ್ಕೆ ಇವತ್ತು ಪಂಚಾಂಗವೂ ಬರಲಾರದು, ಕೋಳಿಯಂತೂ ದೂರ. ಸಾರ್ವಜನಿಕ ಸ್ಥಳದ ಜೂಜಿಗೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 87ನೇ ಸೆಕ್ಷನ್ ಇದೆ. ದಾಳಿಯಲ್ಲಿ ನಗದು, ಬಾಳು, ಬೈಕುಗಳ ಜೊತೆ ಹೋರಾಟಗಾರರೂ ವಶವಾಗುತ್ತಾರೆ. ಮುದ್ದೇಮಾಲನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಸೀಲು ಮಾಡುವುದು ಠಾಣೆಯ ರೂಢಿ. ಈ ಮುದ್ದೇಮಾಲು ಭತ್ತ ಕೇಳುತ್ತದೆ, ನಸುಕಿಗೆ ಕೂಗುತ್ತದೆ, ಪಕ್ಕದ ಮುದ್ದೇಮಾಲಿನ ಮೇಲೆ ಎರಗುತ್ತದೆ. ಆದ್ದರಿಂದ ನ್ಯಾಯಾಲಯದ ಅನುಮತಿ ಪಡೆದು ಅದನ್ನು ಹರಾಜು ಹಾಕುವುದುಂಟು. ಸವಾಲು ಕೂಗುವವರಲ್ಲಿ ತೂಕ ಕೇಳುವವರು ಸಾರಿಗೆ ಬಂದವರು. ಬಣ್ಣ, ಕಾಲು, ಕಣ್ಣು ನೋಡಿ ಅವತ್ತಿನ ನಕ್ಷತ್ರ ವಿಚಾರಿಸುವವರು ಬೇರೆ ಕೆಲಸಕ್ಕೆ ಬಂದವರು.