ಜೆಸಿಬಿಗೊಂದು ಒಪ್ಪಿಗೆ ಪತ್ರ

ಬೆಂಗಳೂರಿನ ಕೊಳಗೇರಿಗಳಿಗೆ ನಲ್ಲಿ ನೀರು ಬರುತ್ತದೋ ಇಲ್ಲವೋ, ಸರ್ವೇಯವರಂತೂ ತಪ್ಪದೆ ಬರುತ್ತಾರೆ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಐಡಿ ಕಾರ್ಡು, ಬಾಯಲ್ಲಿ ಸಹಭಾಗಿತ್ವ. ಜನರನ್ನು ಪ್ರಶ್ನೆ ಕೇಳಿ ಹೋಗುವುದು ಹಳೇ ಪದ್ಧತಿಯಂತೆ. ಈಗ ಜನರೇ ಸಂಶೋಧಕರು. ಅಂದರೆ ಕೂಲಿ ಬಿಟ್ಟು ಬಂದು ಕೂರುವವರು ಜನ; ಸಂಬಳ ಎಣಿಸುವವರು ಮಾತ್ರ ಹಿಂದಿನವರೇ.

ಸಭೆ ಅಂಗನವಾಡಿಯಲ್ಲಿ. ನೆಲದ ಮೇಲೆ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ತಟ್ಟೆ ತುಂಬ ಗ್ಲೂಕೋಸ್ ಬಿಸ್ಕತ್ತು.

“ನಿಮ್ಮ ಏರಿಯಾದ ನಕ್ಷೆ ನೀವೇ ಬರೀರಿ ಅಮ್ಮಾ. ಆರೋಗ್ಯಕ್ಕೆ ಎಲ್ಲೆಲ್ಲಿ ತೊಂದ್ರೆ ಇದೆಯೋ ಅಲ್ಲಿ ಕೆಂಪು ಚುಕ್ಕಿ ಇಡಿ.”

“ಹಂಗಾದ್ರೆ ಈ ಪೆನ್ನು ಸಾಲಲ್ಲ ಮೇಡಂ” ಎಂದಳು ಒಬ್ಬ ಅಜ್ಜಿ.

ಅಷ್ಟರಲ್ಲಿ ಹೊರಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಸಮುದಾಯ ಬಿಂದಿಗೆ ಹಿಡಿದು ಓಡಿತು. ವರದಿ ಹೀಗೆ ಬಂತು: ‘ಚರ್ಚೆಯ ಉತ್ತರಾರ್ಧದಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ ಕ್ಷೀಣಿಸಿತು. ಜಾಗೃತಿ ಮೂಡಿಸುವುದು ಅಗತ್ಯ.’

ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬಿಡಿಸಿಟ್ಟರು. ಬುಡದಲ್ಲಿ ಜನರನ್ನು ಆಡಿಸುವುದು, ತುದಿಯಲ್ಲಿ ಅಧಿಕಾರ ಜನರ ಕೈಗೇ ಬರುವುದು. ನಡುವಿನ ತಿಳಿಸುವುದು, ಕೇಳುವುದು, ಸಮಾಧಾನ ಮಾಡುವುದು ಇವೆಲ್ಲ ಬರೀ ತೋರಿಕೆ ಎಂದರು. ನಮ್ಮವರು ಆ ಏಣಿಯನ್ನು ತಪ್ಪದೆ ಪಿಪಿಟಿಯಲ್ಲಿ ತೋರಿಸುತ್ತಾರೆ. ಹತ್ತಿಸುವುದಕ್ಕೆ ಮಾತ್ರ ಅನುದಾನ ಮಂಜೂರಾಗಿರುವುದಿಲ್ಲ.

ಆರೋಗ್ಯದ ಸಮಾನತೆಯ ಅಧ್ಯಯನವೆಂದರೆ ಬಡವರು, ಉಳ್ಳವರು ಎರಡೂ ಕಡೆ ನೋಡಬೇಕಲ್ಲ, ಪಕ್ಕದ ಅಪಾರ್ಟ್‌ಮೆಂಟಿಗೂ ಹೋಗಿ ಎಂದರೆ, “ಸೆಕ್ಯೂರಿಟಿಯವರು ಒಳಗೆ ಬಿಡಲ್ಲ ಸಾರ್” ಎನ್ನುತ್ತಾರೆ. ಗೇಟಿಲ್ಲದವರೇ ಸಮುದಾಯ.

ಆದರೂ ಸಂಶೋಧಕರ ಒಂದು ಗುಣ ಮೆಚ್ಚಬೇಕು. ಬಿಪಿ ನೋಡಬೇಕಾದರೂ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ತಮಿಳಿನಲ್ಲಿ ಓದಿ ಹೇಳಬೇಕು. ಆಮೇಲೆ ಸಹಿ, ಇಲ್ಲವೇ ಹೆಬ್ಬೆಟ್ಟು.

2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಜಾಗಕ್ಕೆ ಬಂದ ಜೆಸಿಬಿಗಳಿಗೆ ಈ ಶಿಷ್ಟಾಚಾರ ಗೊತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಕುಟುಂಬಗಳ ಸೂರು ನೆಲಕ್ಕುರುಳಿತು. ಅಲ್ಲಿ ಮಾಲ್ ಬರಬೇಕಿತ್ತು. ಕೋರಮಂಗಲದಲ್ಲಿ ಮನೆಗೆಲಸ ಮಾಡಿ ಬದುಕುವ ಹೆಂಗಸರಿಗೆ ದೂರದ ಸೂಲಿಕುಂಟೆಯ ಕಡೆ ಬೆರಳು ತೋರಿಸಿದರು. ಎಷ್ಟೋ ಜನ ಫುಟ್‌ಪಾತಿನಲ್ಲೇ ಉಳಿದರು. ಇಂಥವರ ಬಿಪಿ ಯಾಕೆ ಏರಿತು ಎಂದು ಅಳೆಯಲು ಹೆಬ್ಬೆಟ್ಟು ಬೇಕು. ಏರಿಸಲು ಬೇಕಿಲ್ಲ.

ಆದ್ದರಿಂದ ಎಥಿಕ್ಸ್ ಕಮಿಟಿಯನ್ನು ವಿಶ್ವವಿದ್ಯಾಲಯದ ಎಸಿ ಕೋಣೆಯಿಂದ ಎಬ್ಬಿಸಿ, ಜೆಸಿಬಿ ಡ್ರೈವರ್ ಪಕ್ಕ ಕೂರಿಸಬೇಕು. ಯೋಜನೆಯಿಂದ ಆಗುವ ಅಪಾಯಗಳನ್ನು ಪ್ರತಿ ಮನೆಯಲ್ಲೂ ನಿಧಾನವಾಗಿ ಓದಿ ಹೇಳಲಿ. ‘ನೀವು ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು, ಅದರಿಂದ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ’ ಎಂಬ ಸಾಲನ್ನು ಎರಡು ಸಲ ಓದಲಿ. ಯಾರಾದರೂ ಒಪ್ಪಲಿಲ್ಲವೇ? ನಿಯಮ ಬಹಳ ಸರಳ. ಧನ್ಯವಾದ ಹೇಳಿ ಗಾಡಿ ರಿವರ್ಸ್ ತೆಗೆಯಬೇಕು.